ಕಡಲಲ್ಲಿ ಕೆಂಪು ದೀಪ ಕಂಡರೆ ಅಪಾಯವೇ? ಹಡಗಿನ ದೀಪ ಮತ್ತು ಬೋಯ್‌ಗಳನ್ನು ಓದುವುದು ಹೇಗೆ?

ಕಡಲಲ್ಲಿ ಕೆಂಪು ದೀಪ ಕಂಡರೆ ಅಪಾಯ, ಹಸಿರು ಕಂಡರೆ ದಾರಿ ಸಲೀಸು. ರಸ್ತೆಯ ಸಿಗ್ನಲ್ ನೋಡಿಯೇ ಬೆಳೆದ ನಮಗೆ ಈ ಮಾತು ಸಹಜವೆನಿಸುತ್ತದೆ. ಆದರೆ ಕಡಲಿನಲ್ಲಿ ಅದು ತಪ್ಪು. ಹಡಗಿನ ಕೆಂಪು ದೀಪ ನಿಮಗೆ ‘ನಿಲ್ಲು’ ಎನ್ನುವುದಿಲ್ಲ. ‘ನೀನು ನನ್ನ ಎಡಮಗ್ಗುಲನ್ನು ನೋಡುತ್ತಿದ್ದೀಯ’ ಎನ್ನುತ್ತದೆ, ಅಷ್ಟೇ.

ಇದನ್ನು ಅರ್ಥ ಮಾಡಿಕೊಳ್ಳಲು ಹಡಗು ಬೇಡ. ಎರಡೂ ಕೈ ಚಾಚಿ ನಿಂತುಕೊಳ್ಳಿ. ಎಡಗೈಯಲ್ಲಿ ಕೆಂಪು ದೀಪ, ಬಲಗೈಯಲ್ಲಿ ಹಸಿರು ದೀಪ, ಬೆನ್ನಿಗೆ ಒಂದು ಬಿಳಿ ದೀಪ, ತಲೆಯ ಮೇಲೆ ಮುಂದಕ್ಕೆ ಬೆಳಕು ಬೀರುವ ಇನ್ನೊಂದು ಬಿಳಿ ದೀಪ ಇದೆ ಎಂದುಕೊಳ್ಳಿ. ಎಂಜಿನ್‌ನಿಂದ ಓಡುವ ಹಡಗು ರಾತ್ರಿ ಹೊತ್ತು ಹೀಗೆಯೇ ಇರುತ್ತದೆ. ಕೆಂಪು ಮತ್ತು ಹಸಿರು ದೀಪಗಳ ಬೆಳಕು ನೇರ ಮುಂದಿನಿಂದ ಪಕ್ಕಕ್ಕೆ 112.5 ಡಿಗ್ರಿವರೆಗೆ ಮಾತ್ರ ಕಾಣುತ್ತದೆ. ಉಳಿದ 135 ಡಿಗ್ರಿ ಬೆನ್ನಿನ ದೀಪದ ಪಾಲು. ಮೂರನ್ನೂ ಕೂಡಿಸಿ, ಸರಿಯಾಗಿ 360 ಬರುತ್ತದೆ. ಅಂದರೆ ನೀವು ಯಾವ ದಿಕ್ಕಿನಿಂದ ನೋಡಿದರೂ ಒಂದಾದರೂ ದೀಪ ಕಾಣಲೇಬೇಕು, ಮತ್ತು ಯಾವ ದೀಪ ಕಾಣುತ್ತದೆ ಎಂಬುದರಿಂದಲೇ ಹಡಗಿನ ಮುಖ ಎತ್ತ ಇದೆ ಎಂದು ತಿಳಿಯುತ್ತದೆ.

ಕೆಂಪು ಮಾತ್ರ ಕಂಡರೆ ಆ ಹಡಗು ನಿಮ್ಮ ಎಡಕ್ಕೆ ಸಾಗುತ್ತಿದೆ. ಹಸಿರು ಮಾತ್ರ ಕಂಡರೆ ಬಲಕ್ಕೆ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ? ಅದು ನಿಮ್ಮತ್ತಲೇ ಬರುತ್ತಿದೆ. ನೋಡಲು ಅಂದವಾಗಿ ಕಾಣುವ ಈ ಜೋಡಿಯೇ ದೋಣಿಯಲ್ಲಿರುವವರಿಗೆ ಅತ್ಯಂತ ಕೆಟ್ಟ ಸುದ್ದಿ.

ಈ ಬಣ್ಣಗಳು ಹಳೆಯವು. ಬ್ರಿಟನ್ನಿನ ನೌಕಾಡಳಿತ 1848ರಲ್ಲಿಯೇ ಉಗಿಹಡಗುಗಳಿಗೆ ಕೆಂಪು-ಹಸಿರು ಪಕ್ಕದ ದೀಪಗಳನ್ನು ಕಡ್ಡಾಯ ಮಾಡಿತ್ತು. ಈಗ ಜಗತ್ತಿನಾದ್ಯಂತ ಜಾರಿಯಲ್ಲಿರುವುದು 1972ರಲ್ಲಿ ಒಪ್ಪಿಕೊಂಡು 1977ರ ಜುಲೈನಿಂದ ಜಾರಿಗೆ ಬಂದ ಡಿಕ್ಕಿ ತಡೆ ನಿಯಮಗಳು. ಮಂಗಳೂರಾಗಲಿ, ಮಯಾಮಿಯಾಗಲಿ, ಹಡಗಿನ ಎಡ ಕೆಂಪು, ಬಲ ಹಸಿರು. ವಿಮಾನಗಳೂ ಇದನ್ನೇ ಎರವಲು ಪಡೆದಿವೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ರೆಕ್ಕೆಯ ತುದಿ ನೋಡಿ, ಎಡಗಡೆಯದು ಕೆಂಪು.

ಬಿಳಿ ದೀಪವೇ ಹೆಚ್ಚು ಗೊಂದಲ

ನಿಜವಾದ ಕಷ್ಟ ಇರುವುದು ಬಣ್ಣದ ದೀಪದಲ್ಲಲ್ಲ, ಬಿಳಿಯದರಲ್ಲಿ. ಒಂಟಿ ಬಿಳಿ ದೀಪ ಎಂದರೆ ದೂರ ಹೋಗುತ್ತಿರುವ ಹಡಗಿನ ಬೆನ್ನು ಇರಬಹುದು, ಲಂಗರು ಹಾಕಿದ ಸಣ್ಣ ದೋಣಿ ಇರಬಹುದು, ಹುಟ್ಟು ಹಾಕುವ ದೋಣಿಯವರು ಹಿಡಿದ ಟಾರ್ಚೂ ಇರಬಹುದು. ಏಳು ಮೀಟರಿಗಿಂತ ಚಿಕ್ಕದಾದ, ನಿಧಾನಕ್ಕೆ ಸಾಗುವ ದೋಣಿ ಒಂದೇ ಬಿಳಿ ದೀಪ ಇಟ್ಟುಕೊಳ್ಳಲು ನಿಯಮವೇ ಒಪ್ಪುತ್ತದೆ. ಇನ್ನೂ ಒಂದು ಸಾಧ್ಯತೆ ಇದೆ. ಅದು ದೊಡ್ಡ ಹಡಗಿನ ಕಂಬದ ದೀಪವಾಗಿದ್ದು, ಪಕ್ಕದ ಬಣ್ಣದ ದೀಪಗಳು ಇನ್ನೂ ಕಣ್ಣಿಗೆ ಬೀಳದೆ ಇರಬಹುದು.

ಈ ಕೊನೆಯದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. 50 ಮೀಟರಿಗಿಂತ ಉದ್ದದ ಹಡಗಿನ ಕಂಬದ ದೀಪ ಕನಿಷ್ಠ 6 ನಾಟಿಕಲ್ ಮೈಲಿ, ಅಂದರೆ ಸುಮಾರು 11 ಕಿ.ಮೀ. ದೂರಕ್ಕೆ ಕಾಣಬೇಕು. ಪಕ್ಕದ ದೀಪಗಳಿಗೆ ನಿಯಮ ಕೇಳುವುದು ಅದರ ಅರ್ಧ, 3 ಮೈಲಿ. ಹಡಗು 15 ನಾಟ್ ವೇಗದಲ್ಲಿ, ಮೀನುಗಾರಿಕಾ ದೋಣಿ 8 ನಾಟ್‌ನಲ್ಲಿ ಎದುರುಬದುರಾಗಿ ಬರುತ್ತಿವೆ ಎಂದಿಟ್ಟುಕೊಳ್ಳಿ. 3 ಮೈಲಿಯ ಅಂತರ ಮುಗಿಯಲು ಎಂಟು ನಿಮಿಷ ಸಾಕು. ಎಂಟು ನಿಮಿಷ ಬೇಕಾದಷ್ಟಾಯಿತು ಎನಿಸಬಹುದು. ಆದರೆ ಬಲೆ ನೀರಲ್ಲಿದ್ದು, ಅರ್ಧ ಜನ ನಿದ್ದೆಯಲ್ಲಿದ್ದರೆ ಅದು ಬಹಳ ಕಡಿಮೆ. ದೊಡ್ಡ ಹಡಗು ಬ್ರೇಕ್ ಹಾಕಿದ ಬಸ್ಸಿನಂತೆ ನಿಲ್ಲುವುದೂ ಇಲ್ಲ.

ಅದಕ್ಕೇ ಪಳಗಿದವರು ಬಣ್ಣಕ್ಕಿಂತ ಮೊದಲು ಎರಡು ಬಿಳಿ ದೀಪಗಳನ್ನು ನೋಡುತ್ತಾರೆ. ದೊಡ್ಡ ಹಡಗಿನಲ್ಲಿ ಮುಂದಿನ ಕಂಬದ ದೀಪ ತಗ್ಗಿನಲ್ಲಿ, ಹಿಂದಿನದು ಎತ್ತರದಲ್ಲಿ ಇರುತ್ತದೆ. ತಗ್ಗಿನ ದೀಪ ಯಾವ ಕಡೆಗಿದೆಯೋ ಹಡಗು ಆ ಕಡೆಗೆ ಹೊರಟಿದೆ. ಎರಡೂ ಒಂದರ ಮೇಲೊಂದು ನೇರವಾಗಿ ನಿಂತರೆ ಅದರ ಮೂತಿ ನಿಮ್ಮ ಕಡೆಗಿದೆ. ಇನ್ನೊಂದು ಪರೀಕ್ಷೆಯೂ ಉಂಟು. ಬೇರೆ ಹಡಗಿನ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ದಿಕ್ಕು ಬದಲಾಗದೆ ಅಂತರ ಮಾತ್ರ ಕಡಿಮೆಯಾಗುತ್ತಿದ್ದರೆ ಡಿಕ್ಕಿ ಖಚಿತ ಎಂದೇ ಭಾವಿಸಬೇಕು.

2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆಯ ಆಳ ಸಮುದ್ರದಲ್ಲಿ ಬೇಪೂರಿನ ಮೀನುಗಾರಿಕಾ ದೋಣಿಗೂ ಸಿಂಗಪುರ ಧ್ವಜದ ಸರಕು ಹಡಗಿಗೂ ನಡುರಾತ್ರಿ ಕಳೆದ ಮೇಲೆ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಜನರಲ್ಲಿ ಜೀವಸಹಿತ ಸಿಕ್ಕವರು ಇಬ್ಬರು. ಆ ರಾತ್ರಿ ಯಾರ ತಪ್ಪು ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ದೀಪದ ಮಾತು ನಮ್ಮ ಕರಾವಳಿಗೆ ಎಷ್ಟು ಹತ್ತಿರದ್ದು ಎಂಬುದಕ್ಕೆ ಇಷ್ಟು ಸಾಕು.

ಮೀನು ಹಿಡಿಯುವ ದೋಣಿಗೆ ಬೇರೆಯೇ ದೀಪ

ಬಲೆ ಎಳೆಯುತ್ತಾ ಸಾಗುವ ಟ್ರಾಲರ್, ಮೇಲೆ ಹಸಿರು, ಕೆಳಗೆ ಬಿಳಿ ದೀಪ ಹಾಕಬೇಕು. ಬೀಸುಬಲೆ, ಗಾಳದ ಸಾಲು ಮುಂತಾದ ಇತರ ಮೀನುಗಾರಿಕೆಗೆ ಮೇಲೆ ಕೆಂಪು, ಕೆಳಗೆ ಬಿಳಿ. ಇವು ಸುತ್ತಲೂ ಕಾಣುವ ದೀಪಗಳು. ಸಾಮಾನ್ಯ ಹಡಗು ಇಂಥ ದೋಣಿಗೆ ದಾರಿ ಬಿಡಬೇಕು ಎಂಬುದು ನಿಯಮ. ಆದರೆ ಒಂದು ಷರತ್ತಿದೆ. ಈ ರಿಯಾಯಿತಿ ಬಲೆ ನೀರಲ್ಲಿದ್ದು ಬೇಕೆಂದಾಗ ತಿರುಗಲಾಗದ ದೋಣಿಗೆ ಮಾತ್ರ. ಮೀನು ತುಂಬಿಕೊಂಡು ಮನೆಗೆ ಹೊರಟ ದೋಣಿ ಉಳಿದವುಗಳಂತೆಯೇ. ಅದು ಹಸಿರು-ಬಿಳಿ ದೀಪ ಆರಿಸಬೇಕು. ದೀಪವೇ ಹಾಕದೆ ಬಲೆ ಎಳೆಯುತ್ತಿದ್ದರೆ, ಎತ್ತರದ ಹಡಗಿನಲ್ಲಿ ನಿಂತ ಕಾವಲಿನವರಿಗೆ ತಿಳಿಯುವುದಾದರೂ ಹೇಗೆ?

ಡೆಕ್ ಮೇಲಿನ ಪ್ರಖರ ದೀಪಗಳೂ ಇಲ್ಲಿ ಶತ್ರುವೇ. ಕೆಲಸಕ್ಕೆ ಬೇಕು, ನಿಜ. ಆದರೆ ಆ ಬಿಳಿ ಬೆಳಕಿನಲ್ಲಿ ಸಂಕೇತದ ದೀಪ ಮುಳುಗಿಹೋಗುತ್ತದೆ, ದೋಣಿಯವರ ಕಣ್ಣೂ ಕತ್ತಲೆಗೆ ಕುರುಡಾಗುತ್ತದೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಫೋನಿನ ಟಾರ್ಚ್ ಅದನ್ನು ಒಂದು ಕ್ಷಣದಲ್ಲಿ ಕೆಡಿಸುತ್ತದೆ. ಪ್ರವಾಸಿ ದೋಣಿಗಳಿಗೆ ಬಣ್ಣ ಬಣ್ಣದ ಎಲ್‌ಇಡಿ ಸರ ಸುತ್ತುವುದು ಚೆಂದಕ್ಕೆ ಸರಿ. ಆದರೆ ಸಂಕೇತದ ದೀಪವೆಂದು ತಪ್ಪು ತಿಳಿಯುವಂಥ ಬೇರೆ ದೀಪ ಇರಕೂಡದು ಎಂದು ನಿಯಮವೇ ಹೇಳುತ್ತದೆ.

ಹಾಗಾದರೆ ದೂರದ ಕಡಲಲ್ಲಿ ಕೆಲವೊಮ್ಮೆ ಕಾಣುವ ಗಾಢ ಹಸಿರು ಬೆಳಕು ಯಾವುದು? ‘ನಿಗೂಢ ಬೆಳಕು’ ಎಂಬ ಶೀರ್ಷಿಕೆ ಹೊತ್ತು ಫೋನಿಂದ ಫೋನಿಗೆ ಹಾರುವ ಇಂಥ ಚಿತ್ರಗಳಿಗೆ ಬಹಳಷ್ಟು ಸಲ ಉತ್ತರ ಸರಳ. ಬೊಂಡಾಸೆಯನ್ನು ಸೆಳೆಯಲು ಕೆಲವು ದೇಶಗಳ ದೋಣಿಗಳು ಹಸಿರು ದೀಪಗಳನ್ನು ಉರಿಸುತ್ತವೆ. ಥಾಯ್ಲೆಂಡ್ ಬಳಿಯ ಇಂಥ ಹಸಿರು ಚುಕ್ಕೆಗಳನ್ನು ಗಗನಯಾತ್ರಿಗಳು ಬಾಹ್ಯಾಕಾಶ ನಿಲ್ದಾಣದಿಂದಲೇ ಚಿತ್ರ ತೆಗೆದಿದ್ದಾರೆ. ನಮ್ಮ ದೇಶದ ವಿಶೇಷ ಆರ್ಥಿಕ ವಲಯದಲ್ಲಿ ಎಲ್‌ಇಡಿ ದೀಪ ಬಳಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಪಣಂಬೂರಿನ ದಡದಿಂದ ಸಾಲಾಗಿ ಕಾಣುವ ದೀಪಗಳಾದರೆ ಸಾಮಾನ್ಯವಾಗಿ ಬಂದರಿಗೆ ಸರದಿ ಕಾಯುತ್ತಾ ಲಂಗರು ಹಾಕಿದ ಹಡಗುಗಳು. 100 ಮೀಟರಿಗಿಂತ ಉದ್ದದ ಹಡಗು ಲಂಗರು ಹಾಕಿದಾಗ ಡೆಕ್ ದೀಪಗಳನ್ನೂ ಉರಿಸಲೇಬೇಕು.

ಹಗಲಲ್ಲಿ ಡಮರು, ಚೆಂಡು

ಹಗಲು ದೀಪ ಕಾಣದು. ಆಗ ಕಪ್ಪು ಆಕೃತಿಗಳನ್ನು ತೂಗುಹಾಕುತ್ತಾರೆ. ಒಂದು ಚೆಂಡು ಇದ್ದರೆ ಲಂಗರು ಹಾಕಿದೆ. ಮೇಲೆ ಕೆಳಗೆ ಎರಡು ಚೆಂಡು ಇದ್ದರೆ ಯಂತ್ರವೋ ಚುಕ್ಕಾಣಿಯೋ ಕೆಟ್ಟು ಹಡಗು ಹತೋಟಿಯಲ್ಲಿಲ್ಲ (ರಾತ್ರಿಯಾದರೆ ಎರಡು ಕೆಂಪು ದೀಪ). ಮೂರು ಚೆಂಡು ಇದ್ದರೆ ನೆಲಕ್ಕೆ ತಗುಲಿ ಕೂತಿದೆ. ಎರಡು ಶಂಕುಗಳ ಚೂಪು ತುದಿ ಸೇರಿಸಿದ ಆಕೃತಿ ಮೀನು ಹಿಡಿಯುತ್ತಿರುವ ದೋಣಿಯದು, ಥೇಟ್ ಶಿವನ ಡಮರು. ಹೀಗೆ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಆದರೆ ಕಪ್ಪು-ಹಳದಿ ಪಟ್ಟೆಯ ಬೋಯ್ ಮೇಲೆ ಇದೇ ಡಮರು ಕಂಡರೆ ಅರ್ಥ ಬೇರೆ. ‘ನನ್ನ ಪಶ್ಚಿಮಕ್ಕೆ ಹಾದು ಹೋಗು, ಅಪಾಯ ಪೂರ್ವಕ್ಕಿದೆ’ ಎಂದು.

ಬೋಯ್ ವಿಷಯದಲ್ಲಿ ಫಾರ್ವರ್ಡ್ ನಂಬಬೇಡಿ

ಹಡಗಿನ ದೀಪಕ್ಕೆ ಜಗತ್ತಿನಲ್ಲೆಲ್ಲ ಒಂದೇ ನಿಯಮ. ದಾರಿ ತೋರುವ ತೇಲುಗುರುತುಗಳಿಗೆ, ಅಂದರೆ ಬೋಯ್‌ಗಳಿಗೆ, ಎರಡು ನಿಯಮ. ಎಡವಟ್ಟಾಗುವುದು ಇಲ್ಲಿಯೇ.

ಅಮೆರಿಕದ ಬೋಟಿಂಗ್ ವಿಡಿಯೊಗಳಲ್ಲಿ ‘ರೆಡ್, ರೈಟ್, ರಿಟರ್ನಿಂಗ್’ ಎಂಬ ಸೂತ್ರ ಕೇಳಿರುತ್ತೀರಿ. ಕಡಲಿಂದ ಬಂದರಿಗೆ ಮರಳುವಾಗ ಕೆಂಪು ಬೋಯ್ ನಿಮ್ಮ ಬಲಕ್ಕಿರಲಿ ಎಂದು ಅರ್ಥ. ಅಮೆರಿಕ ಖಂಡಗಳು, ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್‌ಗಳಲ್ಲಿ ಅದು ಸರಿ. ಭಾರತದಲ್ಲಿ, ಯೂರೋಪಿನಲ್ಲಿ, ಆಫ್ರಿಕಾದಲ್ಲಿ ತಿರುವುಮುರುವು. ಇಲ್ಲಿ ಬಂದರಿಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣ ವಾರಾಂತ್ಯದಲ್ಲಿ ಬೋಟ್ ಓಡಿಸುವವನಾದರೆ ಅವನ ಸೂತ್ರ ಅವನಿಗೆ ಸರಿ. ಅದನ್ನು ಮನೆಯ ಗ್ರೂಪಿಗೆ ಕಳಿಸಿ, ಊರಿನ ತಮ್ಮ ಅದನ್ನು ನಂಬಿದರೆ ಕಾಲುವೆಯ ಹೊರಗೆ ಹೋಗಿ ಮರಳ ದಿಬ್ಬ ಹತ್ತುತ್ತಾನೆ. ಅಳಿವೆ ಬಾಗಿಲುಗಳಲ್ಲಿ ಮರಳು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುವ ನಮ್ಮ ಕರಾವಳಿಯಲ್ಲಿ ಇದು ತಮಾಷೆಯ ತಪ್ಪಲ್ಲ.

ಎರಡೂ ಕಡೆ ಬದಲಾಗದ್ದು ಆಕಾರ. ಒಳಗೆ ಬರುವಾಗ ಎಡದ ಬೋಯ್ ಡಬ್ಬಿಯಾಕಾರ, ಬಲದ್ದು ಶಂಕುವಿನಾಕಾರ. ಉದ್ದ ಕಂಬದಂಥ ಬೋಯ್ ಆದರೆ ತುದಿಯಲ್ಲಿ ಅದೇ ಆಕಾರದ ಗುರುತು ಇರುತ್ತದೆ. ಕೆಂಪು-ಹಸಿರು ಬಣ್ಣ ಬೇರ್ಪಡಿಸಲಾಗದ ಕಣ್ಣಿನವರಿಗೂ ಇದು ನೆರವು. ಇನ್ನು ನಮ್ಮಲ್ಲಿ ನೆನಪಿಡುವುದು ಸುಲಭ: ಒಳಗೆ ಬರುವಾಗ ನಿಮ್ಮ ದೋಣಿಯ ಕೆಂಪು ದೀಪದ ಪಕ್ಕಕ್ಕೆ ಕೆಂಪು ಬೋಯ್, ಹಸಿರಿನ ಪಕ್ಕಕ್ಕೆ ಹಸಿರು. ಹೊರಗೆ ಹೋಗುವಾಗ ಅದಲುಬದಲು.

ಎರಡೇ ಪದ್ಧತಿ ಉಳಿದಿರುವುದೂ ದೊಡ್ಡ ಸಾಧನೆಯೇ. ಒಂದು ಕಾಲದಲ್ಲಿ ಜಗತ್ತಿನಲ್ಲಿ ಮೂವತ್ತರಷ್ಟು ಬೋಯ್ ಪದ್ಧತಿಗಳಿದ್ದವು. 1971ರ ಜನವರಿ 11ರಂದು ಇಂಗ್ಲೆಂಡ್-ಫ್ರಾನ್ಸ್ ನಡುವಿನ ಡೋವರ್ ಜಲಸಂಧಿಯಲ್ಲಿ ‘ಟೆಕ್ಸಾಕೊ ಕೆರಿಬಿಯನ್’ ಎಂಬ ಟ್ಯಾಂಕರ್ ಡಿಕ್ಕಿಯಿಂದ ಮುಳುಗಿತು. ಮರುದಿನವೇ ‘ಬ್ರಾಂಡೆನ್‌ಬುರ್ಗ್’ ಎಂಬ ಜರ್ಮನ್ ಹಡಗು ಅದರ ಅವಶೇಷಕ್ಕೆ ಬಡಿದು ಮುಳುಗಿತು. ಕೆಲವು ವಾರಗಳ ನಂತರ ‘ನಿಕಿ’ ಎಂಬ ಗ್ರೀಕ್ ಹಡಗು ಅದೇ ಜಾಗದಲ್ಲಿ ತಳ ಸೇರಿತು. ಈ ಕೊನೆಯ ಎರಡರಲ್ಲೇ ಹತ್ತಾರು ಜೀವ ಹೋಯಿತು. ಆ ಹೊತ್ತಿಗೆ ಅಲ್ಲಿ ಎಚ್ಚರಿಕೆಯ ಗುರುತು ಇತ್ತು! ಗುರುತು ಇರುವುದು ಬೇರೆ, ಎಲ್ಲರಿಗೂ ಒಂದೇ ಅರ್ಥ ಕೊಡುವುದು ಬೇರೆ ಎಂಬುದು ದೇಶಗಳಿಗೆ ಮನವರಿಕೆಯಾದದ್ದು ಆಗ. ಮಾತುಕತೆ ಎಳೆದೂ ಎಳೆದು 1980ರಲ್ಲಿ ಟೋಕಿಯೊದಲ್ಲಿ ಒಪ್ಪಂದವಾಯಿತು. ಕೆಂಪು ಯಾವ ಕಡೆ ಎಂಬ ಒಂದು ಜಗಳ ಮಾತ್ರ ಬಗೆಹರಿಯಲಿಲ್ಲ, ಅದಕ್ಕೇ ಎರಡು ವಲಯ.

2002ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಕಾರುಗಳನ್ನು ತುಂಬಿದ ‘ಟ್ರೈಕಲರ್’ ಹಡಗು ಮುಳುಗಿದಾಗಲೂ ಬೇರೆ ಹಡಗುಗಳು ಬಂದು ಅದಕ್ಕೇ ಬಡಿದವು. ಆ ಬಳಿಕ ಹೊಸ ಅವಶೇಷಕ್ಕೆಂದೇ ನೀಲಿ-ಹಳದಿ ಉದ್ದಪಟ್ಟೆಯ ಬೋಯ್ ಬಂದಿದೆ. ನೀಲಿ, ಹಳದಿ ದೀಪ ಸರದಿಯಲ್ಲಿ ಮಿನುಗುತ್ತಿದ್ದರೆ ಹತ್ತಿರ ಸುಳಿಯಬಾರದು.

ಆ್ಯಪ್ ಇದ್ದರೆ ಸಾಲದೇ?

ಹಡಗುಗಳ ಜಾಗ ತೋರಿಸುವ ಆ್ಯಪ್‌ಗಳು ತಮ್ಮ ಗುರುತನ್ನು ರೇಡಿಯೊದಲ್ಲಿ ತಾವೇ ಸಾರುವ ಹಡಗುಗಳನ್ನು ಮಾತ್ರ ತೋರಿಸುತ್ತವೆ. ಆ ಸಾಧನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕಡ್ಡಾಯ ಇರುವುದು ದೊಡ್ಡ ಹಡಗುಗಳಿಗೆ. ನಾಡದೋಣಿ ಪರದೆಯ ಮೇಲೆ ಬಾರದೆಯೇ ಇರಬಹುದು, ತೋರಿಸಿದ ಹಡಗು ಆಗಲೇ ಮುಂದೆ ಸಾಗಿರಬಹುದು. ದಡದಲ್ಲಿ ಕೂತು ಕುತೂಹಲಕ್ಕೆ ನೋಡಲು ಒಳ್ಳೆಯದು, ದೋಣಿ ನಡೆಸಲು ಅಲ್ಲ.

ದಡದಿಂದ ನೋಡುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಸಹಾಯ ಕೇಳುವ ಸಂಕೇತ ಮೇಲೆ ಹೇಳಿದ ಯಾವುದೂ ಅಲ್ಲ. ಆಕಾಶಕ್ಕೆ ಹಾರುವ ಕೆಂಪು ಜ್ವಾಲೆಯ ರಾಕೆಟ್, ಹಗಲಲ್ಲಿ ಕಿತ್ತಳೆ ಹೊಗೆ, ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮತ್ತೆ ಮತ್ತೆ ಎತ್ತಿ ಇಳಿಸುವುದು, ಇವು ಪ್ರಾಣಾಪಾಯದ ಗುರುತು. ಕಂಡರೆ ಮೊದಲು ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ, ಸಮಯ ಮತ್ತು ದಿಕ್ಕು ಹೇಳಿ. ವಿಡಿಯೊ ಆಮೇಲೆ.