ನಡತೆಯ ನಿಯಮವೂ ಬರಹದಲ್ಲಿರಲಿ

ಆಕ್ಯುಪೇಷನಲ್ ಥೆರಪಿ ಎಂದರೆ ಉದ್ಯೋಗ ಕೊಡಿಸುವ ವಿದ್ಯೆ ಎಂದು ತಿಳಿದವರು ಇಂದಿಗೂ ಇದ್ದಾರೆ! ಪಾರ್ಶ್ವವಾಯು ಪೀಡಿತರಿಗೆ ಸ್ನಾನ ಮಾಡುವುದನ್ನು, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಮತ್ತೆ ಕಲಿಸುವ ಚಿಕಿತ್ಸೆಯದು. ರೋಗಿಯ ಬಚ್ಚಲುಮನೆಯವರೆಗೂ ಹೋಗಬೇಕಾದ ವಿದ್ಯಾರ್ಥಿಗೆ ರೋಗಿಯ ಸಮ್ಮತಿ, ಗೋಪ್ಯತೆಗಳ ಅರಿವು ಪಠ್ಯದಷ್ಟೇ ಮುಖ್ಯ.

ಈ ವೃತ್ತಿಯ ವಿಶ್ವ ಒಕ್ಕೂಟದ ಮಾನದಂಡದಂತೆ ಪದವಿಗೆ ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ತರಬೇತಿ ಬೇಕು. ಸ್ನಾತಕೋತ್ತರ ಹಂತದಲ್ಲಿ ಹೊಣೆ ಇನ್ನೂ ಹಿರಿದು. ಗಂಟೆಗಳ ಲೆಕ್ಕವನ್ನು ಹಾಜರಿ ಪುಸ್ತಕ ಇಡುತ್ತದೆ. ನಡತೆಯನ್ನು ಅಳೆಯುವವರು ಮೇಲ್ವಿಚಾರಕರು. ಅವರ ಒಂದು ಷರಾ ವಿದ್ಯಾರ್ಥಿಯ ವರ್ಷವನ್ನೇ ಕಸಿಯಬಲ್ಲದು. ಯಾವುದು ತಪ್ಪು, ಎಚ್ಚರಿಕೆ ಎಷ್ಟು ಬಾರಿ, ಮೇಲ್ಮನವಿ ಯಾರಿಗೆ ಎಂಬುದು ಪ್ರವೇಶದ ದಿನವೇ ಲಿಖಿತವಾಗಿ ವಿದ್ಯಾರ್ಥಿಯ ಕೈಸೇರಬೇಕೆಂಬುದು ನನ್ನ ಅಭಿಪ್ರಾಯ.

ಇದರಿಂದ ಅಯೋಗ್ಯರೂ ತೇರ್ಗಡೆಯಾದಾರೆಂಬ ಆತಂಕ ಕೆಲವರದು. ನನಗೆ ತೋರುವುದು ಬೇರೆ: ನಿಯಮವಿಲ್ಲದೆಡೆ ದೂರು, ವ್ಯಾಜ್ಯಗಳಿಗೆ ಅಂಜುವ ಮೇಲ್ವಿಚಾರಕರು ಕಣ್ಣು ಮುಚ್ಚಿಕೊಳ್ಳುವ ಸಂಭವವೇ ಹೆಚ್ಚು. ಅದರ ಫಲ ಉಣ್ಣುವವನು ರೋಗಿ.

ದೇಶವ್ಯಾಪಿ ಶಾಸನಬದ್ಧ ಪರಿಷತ್ತೇ ಇಲ್ಲದಿದ್ದ ಈ ವೃತ್ತಿಯನ್ನು ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ 2021ರಲ್ಲಿ ಕಾನೂನಿನ ವ್ಯಾಪ್ತಿಗೆ ತಂದಿತು. ಶಿಕ್ಷಣದ ಮಟ್ಟ, ವೃತ್ತಿಪರ ನಡತೆ ಎರಡೂ ಆಯೋಗದ ಹೊಣೆ. ಅದು ಪಠ್ಯಕ್ರಮದ ಜೊತೆಗೇ ಮೇಲ್ಮನವಿಯ ಕ್ರಮವನ್ನೂ ಕಾಲೇಜುಗಳಿಗೆ ಕಡ್ಡಾಯಗೊಳಿಸಬೇಕು.