ಒಂದು ಒರೆ, ಎರಡು ಕತ್ತಿ

ಗಿಟಾರ್ ನುಡಿಸುವವರು ಇಬ್ಬರು, ಆಂಪ್ಲಿಫೈಯರುಗಳು ಎರಡು, ಸ್ಪೀಕರ್ ಪೆಟ್ಟಿಗೆ ಮಾತ್ರ ಒಂದು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಇಂಥ ಇಕ್ಕಟ್ಟು ಒದಗುವುದುಂಟು. ಆಗ ಯಾರಾದರೊಬ್ಬರು, “ಎರಡನ್ನೂ ಅದಕ್ಕೇ ಸಿಕ್ಕಿಸಿಬಿಡಿ, ಎಲ್ಲಾ ವೈರು ತಾನೇ?” ಎನ್ನುತ್ತಾರೆ. ಈ ಸಲಹೆ ತಪ್ಪು. ಅದು ಏಕೆ ತಪ್ಪೆಂದು ಅರಿಯುವುದು ವಿಜ್ಞಾನದ ವಿದ್ಯಾರ್ಥಿಗಳ ಹೊಣೆ ಮಾತ್ರವಲ್ಲ, ಕಲಾ ವಿದ್ಯಾರ್ಥಿಗಳಾದ ನಮ್ಮ ಹೊಣೆಯೂ ಹೌದೆಂಬುದು ನನ್ನ ಅಭಿಪ್ರಾಯ.

“ಒಂದು ಬಂಡಿಗೆ ಎರಡು ಎತ್ತು ಕಟ್ಟುವುದಿಲ್ಲವೇ?” ಎಂದು ವಾದಿಸಬಹುದು. ಕಟ್ಟುತ್ತೇವೆ, ಆದರೆ ಆ ಎತ್ತುಗಳು ಒಂದೇ ದಿಕ್ಕಿಗೆ ಎಳೆಯುತ್ತವೆ. ಇಬ್ಬರು ನುಡಿಸುವ ಸ್ವರಗಳಾದರೋ ಬೇರೆ ಬೇರೆ. ಒಂದು ಆಂಪ್ಲಿಫೈಯರು ಸ್ಪೀಕರನ್ನು ಮುಂದಕ್ಕೆ ನೂಕುವ ಕ್ಷಣದಲ್ಲೇ ಇನ್ನೊಂದು ಹಿಂದಕ್ಕೆ ಎಳೆಯುತ್ತಿರಬಹುದು. ಆಗ ಒಂದರ ವಿದ್ಯುತ್ತು ಇನ್ನೊಂದರ ಒಳಕ್ಕೇ ನುಗ್ಗುತ್ತದೆ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರಿಗೆ ಇದು ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟೇ ಸರಿ. ವಾಲ್ವಿನದರಲ್ಲಿ ವಾಲ್ವುಗಳಿಗೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ಅಪಾಯ. ಒಂದೇ ಗಿಟಾರನ್ನು ಎರಡಕ್ಕೂ ಕೊಟ್ಟರೂ ಅವು ಸರಿಸಮನಾಗಿ ನಡೆಯಲಾರವು.

ಪೆಟ್ಟಿಗೆಯ ಹಿಂದೆ ಎರಡು ಸಾಕೆಟ್ಟುಗಳಿವೆಯೆಂದು ಮೋಸಹೋಗಬಾರದು. ಎಷ್ಟೋ ಪೆಟ್ಟಿಗೆಗಳಲ್ಲಿ ಅವೆರಡೂ ಒಳಗೆ ಒಂದಕ್ಕೊಂದು ಕೂಡಿರುತ್ತವೆ. ಎರಡನೆಯದು ಇನ್ನೊಂದು ಪೆಟ್ಟಿಗೆಯನ್ನು ಸೇರಿಸಲೆಂದು ಇರುವುದೇ ಹೊರತು ಇನ್ನೊಂದು ಆಂಪ್ಲಿಫೈಯರಿಗಾಗಿ ಅಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಸ್ಟೀರಿಯೋ ಪೆಟ್ಟಿಗೆಗಳಲ್ಲಿ ಸ್ಪೀಕರುಗಳು ಎರಡು ಪಾಲಾಗಿರುತ್ತವೆ. ಇಂಗ್ಲೆಂಡಿನ ಮಾರ್ಷಲ್ ಕಂಪನಿಯ ‘1960ಎ’ ಎಂಬ ಮಾದರಿಯಲ್ಲಿ 12 ಅಂಗುಲದ, 75 ವಾಟಿನ ನಾಲ್ಕು ಸ್ಪೀಕರುಗಳಿವೆ. ಅದರ ಸ್ವಿಚ್ಚನ್ನು ಸ್ಟೀರಿಯೋ ಕಡೆಗಿಟ್ಟರೆ ಎರಡೆರಡು ಸ್ಪೀಕರುಗಳು ಬೇರೆಯಾಗಿ, ಒಂದೊಂದು ಪಾಲೂ 8 ಓಮ್ ಆಗುತ್ತದೆ. ಆಗ ಒಂದೊಂದು ಪಾಲಿಗೆ ಒಂದೊಂದು ಆಂಪ್ಲಿಫೈಯರನ್ನು 8 ಓಮಿಗೆ ಹೊಂದಿಸಿ ಕೊಡಬಹುದು. ಆದರೆ 300 ವಾಟ್ ತಾಳುವ ಪೆಟ್ಟಿಗೆಯ ಅರ್ಧಕ್ಕೆ 150 ವಾಟ್ ಮಾತ್ರ ಮಿತಿಯೆಂಬುದನ್ನು ಮರೆಯಕೂಡದು. ಸ್ವಿಚ್ಚು ಮೋನೋ ಕಡೆಗಿದ್ದರಂತೂ ಎರಡನ್ನು ಜೋಡಿಸಲೇಬಾರದು.

ಪೆಟ್ಟಿಗೆ ಸ್ಟೀರಿಯೋ ಅಲ್ಲದಿದ್ದರೆ ಸರದಿಯಂತೆ ನುಡಿಸುವುದೇ ಲೇಸು. ಎರಡನ್ನೂ ಆರಿಸಿ, ತಂತಿ ಬದಲಿಸಿ, ಬೇಕಾದುದನ್ನು ಹಚ್ಚಬೇಕು. ಇದಕ್ಕೆಂದೇ ಮಾಡಿದ ಸ್ವಿಚ್ ಪೆಟ್ಟಿಗೆಗಳೂ ಉಂಟು. ಆದರೆ ಸ್ಪೀಕರಿನ ಹೊರೆಯಿಲ್ಲದೆ ವಾಲ್ವ್ ಆಂಪ್ಲಿಫೈಯರನ್ನು ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಕೆಡುವ ಭಯವಿರುವುದರಿಂದ, ಬಿಡುವಾಗಿರುವ ಆಂಪ್ಲಿಫೈಯರಿಗೂ ತಕ್ಕ ಹೊರೆ ಒದಗಿಸುವಂಥದ್ದನ್ನೇ ಆರಿಸಬೇಕು. ಇಬ್ಬರೂ ಒಟ್ಟಿಗೆ ನುಡಿಸಲೇಬೇಕಾದರೆ ಗಿಟಾರುಗಳ ಸಣ್ಣ ಸಂಕೇತಗಳನ್ನು ಮೊದಲೇ ಮಿಕ್ಸರಿನಲ್ಲಿ ಬೆರೆಸಿ ಒಂದೇ ಆಂಪ್ಲಿಫೈಯರಿಗೆ ಕೊಡುವುದು ಕ್ಷೇಮ. ಬೆರೆಸುವುದಾದರೆ ಶಕ್ತಿ ಹೆಚ್ಚುವ ಮೊದಲೇ ಬೆರೆಸಬೇಕು, ಅನಂತರವಲ್ಲ.

“ಹಿಂದೆಯೂ ಹೀಗೆ ಮಾಡಿದ್ದರು, ಏನೂ ಆಗಲಿಲ್ಲ” ಎಂಬ ಮಾತು ಪ್ರಮಾಣವಲ್ಲ. ಒಮ್ಮೆ ಕೆಡದಿದ್ದುದು ಅದೃಷ್ಟ, ಶಾಸ್ತ್ರವಲ್ಲ. ತರಗತಿಯಲ್ಲಿ ತರ್ಕಶಾಸ್ತ್ರ ಓದುವ ನಾವು ವೇದಿಕೆಯ ಮೇಲೆ ಅದನ್ನು ಮರೆತರೆ ಓದಿದ್ದಕ್ಕೇನು ಬೆಲೆ? ಬಾಡಿಗೆಗೆ ತಂದ ಸಾಮಾನು ಸುಟ್ಟರೆ ದಂಡ ತೆರುವುದು ವಿದ್ಯಾರ್ಥಿಗಳ ಹಣದಿಂದ. ಆ ಹಣದ ಹಿಂದೆ ಹೊಲದಲ್ಲಿ, ಕೂಲಿಯಲ್ಲಿ ಬೆವರು ಸುರಿಸಿದವರಿದ್ದಾರೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ನನ್ನಂಥವರಿಗೆ ಈ ಮಾತನ್ನು ಬೇರೆಯವರು ಹೇಳಬೇಕಾಗಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಕೆಲಸ ಸಾಗಿಸುವುದು ಮಿತವ್ಯಯವೇ ನಿಜ. ಅದನ್ನು ಸುಟ್ಟುಕೊಳ್ಳುವುದು ಮಿತವ್ಯಯವಲ್ಲ.

ಆದುದರಿಂದ ನಮ್ಮ ಸಂಗೀತ ಬಳಗದವರಲ್ಲಿ ಒಂದು ಬಿನ್ನಹ. ಉಪಯೋಗಿಸುವ ಪ್ರತಿಯೊಂದು ಪೆಟ್ಟಿಗೆಯ ಬೆನ್ನಿಗೂ ಒಂದು ಚೀಟಿ ಅಂಟಿಸಿರಿ. ಅದು ಎಷ್ಟು ಓಮ್, ಎಷ್ಟು ವಾಟ್, ಸಾಕೆಟ್ಟುಗಳು ಕೂಡಿವೆಯೋ ಬೇರೆಯೋ ಎಂಬುದನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ, ಕನ್ನಡದಲ್ಲಿ ಬರೆದಿಡಿರಿ. ಮುಂದೆ ಬರುವ ತಮ್ಮ ತಂಗಿಯರು ಕೇಳದೆಯೇ ತಿಳಿದುಕೊಳ್ಳುವಂತಾಗಲಿ.