ತಳಿಗೆ ಹೆಸರುಂಟು, ತಳಿಗಾರನಿಗಿಲ್ಲವೇ?

ಕೃಷ್ಣರಾಜಸಾಗರಕ್ಕೆ ಹೋದವರು ಅಣೆಕಟ್ಟೆಗೆ ವಿಶ್ವೇಶ್ವರಯ್ಯನವರನ್ನೂ ಬೃಂದಾವನಕ್ಕೆ ಮಿರ್ಜಾ ಇಸ್ಮಾಯಿಲರನ್ನೂ ನೆನೆದು ಬರುತ್ತಾರೆ. ನೆನೆಯಬೇಕಾದದ್ದೇ. ಆದರೆ ಶ್ರೀರಂಗಪಟ್ಟಣ, ಪಾಂಡವಪುರಗಳ ಹೊಲಗಳಲ್ಲಿ ಸುಗಂಧರಾಜ ಕಂಡಾಗ, ಈ ಹೂವನ್ನು ಈ ರೂಪಕ್ಕೆ ತಂದವರಾರೆಂದು ಕೇಳುವವರೆಷ್ಟು ಮಂದಿ? 'ಪ್ರಜ್ವಲ್' ತಳಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ 'ಶೃಂಗಾರ್' ಮತ್ತು 'ಮೆಕ್ಸಿಕನ್ ಸಿಂಗಲ್'ಗಳ ಸಂಕರದಿಂದ ಹುಟ್ಟಿದ್ದು. ಗಡ್ಡೆ ಮಾರುವವರು ಹೇಳುವುದು ಮಾತ್ರ 'ಒಳ್ಳೆಯ ಜಾತಿ' ಎಂಬಷ್ಟನ್ನೇ.

ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲಿನ ಕಡೆ ನೋಡೋಣ. ರಾಗಿಯ ಹೂ ಅತಿ ಸಣ್ಣದು. ಬೆಳಗಿನ ಜಾವ ಅರಳಿ ತನ್ನಲ್ಲಿಯೇ ಫಲಗಟ್ಟುವಂಥದು. ಅದನ್ನು ಸಂಕರಗೊಳಿಸುವುದು ತಪಸ್ಸಿನ ಕೆಲಸ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಆ ತಪಸ್ಸು ಮಾಡಿ, ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ನಂತರದ ಜಿಪಿಯು-28ರ ವಂಶದಲ್ಲಿಯೂ ಇಂಡಾಫ್-5, ಇಂಡಾಫ್-9 ಇವೆ. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದು ಕರೆದರು. ಬೀಜದ ಚೀಲ ಅಂಕಿಯನ್ನಷ್ಟೇ ಉಳಿಸಿಕೊಂಡಿತು.

ವಿಜ್ಞಾನಿಯ ಗತಿಯೇ ಹೀಗಾದರೆ ರೈತನ ಪಾಡೇನು? ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ ತಮ್ಮ ಪುಟ್ಟ ಗದ್ದೆಯಲ್ಲಿ ಕಂಡ ಬೇರೆ ಬಗೆಯ ತೆನೆಗಳನ್ನು ವರ್ಷವರ್ಷವೂ ಆಯ್ದು ಬೆಳೆಸಿದರು. ಆ ಭತ್ತಕ್ಕೆ ಎಚ್‌ಎಂಟಿ ಕೈಗಡಿಯಾರದ ಹೆಸರು ಬಂತು. ಕೃಷಿ ವಿಶ್ವವಿದ್ಯಾನಿಲಯವೊಂದು ಅದನ್ನು ಶುದ್ಧೀಕರಿಸಿ, ಮುಂದೆ ತನ್ನ ಅಕ್ಷರಗಳನ್ನು ಸೇರಿಸಿ ಬಿಡುಗಡೆ ಮಾಡಿತು. ಗಡಿಯಾರದ ಹೆಸರು ಅನ್ನದಲ್ಲಿ ಉಳಿಯಿತು, ರೈತನ ಹೆಸರು ಉಳಿಯಲಿಲ್ಲ. ಖೋಬ್ರಾಗಡೆಯವರು 2018ರಲ್ಲಿ ಬಡತನದಲ್ಲಿಯೇ ತೀರಿಕೊಂಡರು.

ಹೀಗೆಯೇ ಆಗಬೇಕೆಂದಿಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ಕೆಂಪು ತೊಳೆಯ ಹಲಸನ್ನು ಗುರುತಿಸಿದ ಅದೇ ಹೆಸರಘಟ್ಟದ ಸಂಸ್ಥೆ, 2017ರಲ್ಲಿ ಮರದ ಒಡೆಯ ಪರಮೇಶ್ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಮರ ನೆಟ್ಟ ಅವರ ತಂದೆ ಸಿದ್ದಪ್ಪನವರ ನೆನಪಿಗೆ ತಳಿ 'ಸಿದ್ದು' ಎನಿಸಿತು. ಗಿಡಗಳ ಮಾರಾಟದಲ್ಲಿ ಶೇ. 75 ಪಾಲು ರೈತನಿಗೆ ಎಂದಾಯಿತು. ಮನಸ್ಸಿದ್ದರೆ ಸಂಸ್ಥೆಗೂ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮಲ್ಲಿಯೇ ಕೆಲವರು ಹೇಳುತ್ತಾರೆ: 'ಬೀಜ ಸಮುದಾಯದ್ದು, ಒಬ್ಬರ ಹೆಸರು ಬರೆದರೆ ನಾಳೆ ಬೇಲಿ ಬರುತ್ತದೆ' ಎಂದು. ಈ ಅಂಜಿಕೆ ನಿರಾಧಾರವಲ್ಲ. ಆದರೆ ಋಣ ಬೇರೆ, ಒಡೆತನ ಬೇರೆ. ಮಲೆನಾಡಿನ 'ಅನಂತಭಟ್ಟನ ಅಪ್ಪೆ' ವ್ಯಕ್ತಿಯ ಹೆಸರನ್ನೇ ಹೊತ್ತಿದೆ. ಅದರ ಕಸಿ ಕಟ್ಟಲು ಅದು ಯಾರಿಗೂ ಅಡ್ಡಿಯಾಗಿಲ್ಲ. ನಿಜವಾದ ಅಪಾಯ ಹೆಸರಿಲ್ಲದ ಗಿಡಕ್ಕೇ. 'ಸ್ಥಳೀಯ ತಳಿಯಿಂದ ಆಯ್ಕೆ' ಎಂಬ ಎರಡು-ಮೂರು ಪದಗಳ ಹಿಂದೆ ಒಂದು ಮನೆತನದ ಮೂರು ತಲೆಮಾರಿನ ಆರೈಕೆ ಅಳಿಸಿಹೋಗಬಲ್ಲದು. ದಾಖಲೆಯಿಲ್ಲದ್ದನ್ನು ಯಾರಾದರೂ ತನ್ನದೆನ್ನಬಲ್ಲರು.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ತಳಿ ಬೆಳೆಸಿದ ರೈತನನ್ನೂ ತಳಿಗಾರನೆಂದು ಒಪ್ಪುತ್ತದೆ. ಕಾನೂನು ಒಪ್ಪಿದ್ದನ್ನು ನರ್ಸರಿಯ ಚೀಟಿ ಏಕೆ ಒಪ್ಪದು? ಸರ್ಕಾರಿ ನರ್ಸರಿಯಿಂದ ಮೊದಲುಗೊಂಡು ಪ್ರತಿ ಕಸಿ ಗಿಡದ ಚೀಟಿಯಲ್ಲಿ ಮೂರು ಸಂಗತಿಗಳಿರಲಿ: ತಳಿಯ ಹೆಸರು, ತಾಯಿಮರದ ಅಥವಾ ಸಂಕರದ ಮೂಲ, ಬೆಳೆಸಿದವರ ಹೆಸರು.

ವಿದ್ಯಾರ್ಥಿಮಿತ್ರರೇ, ಈ ರಜೆಯಲ್ಲಿ ನಿಮ್ಮೂರಿನ ಹಲಸು, ಅಪ್ಪೆ, ಮೆಣಸಿನ ಬಳ್ಳಿಗಳ ಪಟ್ಟಿ ಮಾಡಿ. ಯಾರು ನೆಟ್ಟರು, ಯಾರು ಆಯ್ದರು ಎಂದು ಹಿರಿಯರಿಂದ ಕೇಳಿ ಬರೆದಿಡಿ. ಹಣ್ಣು ತಿಂದ ಬಾಯಿಗೆ ನೆಟ್ಟವರ ಹೆಸರು ಹೇಳುವುದು ಭಾರವಾಗಬಾರದು.